ಅಂಬತ್ಯಾ ಕೊರೆದ ಬೂಚು

ಯಾವುದು ಹೇಸಿಗೆ, ಯಾವುದು ಅಲ್ಲ ಎನ್ನುವುದನ್ನು ನಮ್ಮ ಹೊಸಪೇಟೆಯ ಮನೆಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಿದ್ದೆವು. ಬೀದಿಯ ಕಟ್ಟೆಯ ಮೇಲೆ ಯಾರಾದರೂ ಕೂಡಬಹುದು. ಪಡಸಾಲೆಗೆ ಬರುವವರು ಕಾಲು ತೊಳೆದು ಬರಬೇಕು. ನಡುಮನೆಗೆ ನಮ್ಮ ಮಂದಿ ಮಾತ್ರ. ಅಡಿಗೆಮನೆಯ ಹೊಸ್ತಿಲು ದಾಟುವವರು ಮಿಂದು, ಗಳದ ಮೇಲೆ ಒಣಗಿದ ಮಡಿಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟಿರಬೇಕು. ತೊಗಲು ಹೇಸಿಗೆ, ಉದುರಿದ ಕೂದಲು ಹೇಸಿಗೆ, ಉಳ್ಳಾಗಡ್ಡಿ ಹೇಸಿಗೆ, ನಿನ್ನೆಯ ಅನ್ನ ಹೇಸಿಗೆ. ಆದರೆ ವರ್ಷಗಟ್ಟಲೆ ಸಾಬೂನು ಕಾಣದ ಆ ಮಡಿಸೀರೆಯ ಹುಳಿನಾತ ಹೇಸಿಗೆಯಲ್ಲ. ಬಚ್ಚಲಿನ ಹಿಂದೆ ಕಪ್ಪಗೆ ನಿಂತು, ಬಾಲದ ಹುಳುಗಳು ಮಿಜಿಗುಡುತ್ತಿದ್ದ ನೀರಿನ ಗುಂಡಿ ಹೇಸಿಗೆಯಲ್ಲ. ತಿಂಗಳಿಗೊಮ್ಮೆ ಬೆಳಿಗ್ಗೆ ಮೂಗು ಹಿಡಿದು ನಮ್ಮ ಗಂಟಲಿಗೆ ಸುರಿಯುತ್ತಿದ್ದ ಹರಳೆಣ್ಣೆ ಹೇಸಿಗೆಯಲ್ಲ. ಅದನ್ನು ಕಕ್ಕಿಕೊಂಡರೆ ಬೆನ್ನ ಮೇಲೆ ಬೀಳುತ್ತಿದ್ದ ಅಜ್ಜಿಯ ಕೈಯಂತೂ ದೇವರ ಕೈ. ಈಗ ಎಪ್ಪತ್ತು ದಾಟಿದ ಮೇಲೆ ಆ ಮನೆಯನ್ನು ನೆನೆದರೆ ನನಗೆ ಪ್ರೀತಿ ಬರುವುದಿಲ್ಲವೆಂದಲ್ಲ. ಬರುತ್ತದೆ. ಆದರೆ ಅದಕ್ಕಿಂತ ಮೊದಲು ಆ ಹರಳೆಣ್ಣೆಯ ನಾತ ಬರುತ್ತದೆ.

ಆ ಮನೆಯಲ್ಲಿ ಅಜ್ಜಿಯ ನಂತರದ ಮಡಿಯೆಂದರೆ ನನ್ನ ಸೋದರತ್ತೆ ಅಂಬಾಬಾಯಿ, ಅಪ್ಪನ ತಂಗಿ. ನಮ್ಮ ಬಾಯಲ್ಲಿ ಅಂಬತ್ಯಾ. ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ತೌರಿಗೆ ಬಂದವಳಿಗೆ ನಾನು ಹೇಳುತ್ತಿರುವ ಕಾಲಕ್ಕೆ ಮೂವತ್ತಾಗಿದ್ದರೆ ಹೆಚ್ಚು. ಕೆಂಪು ಸೀರೆಯ ಸೆರಗು ಹಣೆಯ ತನಕ. ದಿನಕ್ಕೆ ಒಂದೇ ಊಟ, ಅದೂ ಎಲ್ಲರದೂ ಆದ ಮೇಲೆ, ತನ್ನದೇ ಒಂದು ಪುಟ್ಟ ತಾಮ್ರದ ಪಾತ್ರೆಯಲ್ಲಿ ಬೇಯಿಸಿಕೊಂಡು. ಆದರೆ ಆ ಕೈಯಿತ್ತಲ್ಲ, ಅದು ಸುಮ್ಮನೆ ಇರುವ ಕೈಯಲ್ಲ. ಬಾವಿಯ ರಾಟೆ ಕಿರುಗುಟ್ಟಿದರೆ, ಬೀಸುಕಲ್ಲಿನ ಗೂಟ ಸಡಿಲಾದರೆ, ಅಪ್ಪನ ಪೆಟ್ಟಿಗೆಯ ಬೀಗ ಹಟ ಹಿಡಿದರೆ ಎಲ್ಲರೂ ಕೂಗುತ್ತಿದ್ದುದು ಒಂದೇ ಹೆಸರು. ಅವಳು ಬಂದು, ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಎಲ್ಲೋ ಒಂದು ಕಡೆ ಬೆರಳಿಡುತ್ತಿದ್ದಳು. ಸರಿಹೋಗುತ್ತಿತ್ತು. ಸರಿಹೋದ ಮೇಲೆ ಅಜ್ಜಿ ಅನ್ನುತ್ತಿದ್ದುದೂ ಒಂದೇ ಮಾತು, 'ಈಗ ಕೈ ಕಾಲು ತೊಕ್ಕೊಂಡು ಒಳಗ ನಡಿ.' ಸ್ವಂತ ಮಗಳಿಗೆ.

ಅಪ್ಪನ ತಮ್ಮ ಸೀನಕಾಕಾನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದೂ ಅವಳೇ. ಅವನಿಗೆ ಮಾತು ಬಹಳ, ಕೈ ಮಾತ್ರ ಹುಟ್ಟಿದ್ದೇ ಊಟ ಮಾಡಲಿಕ್ಕೆ. ಆಗ ಊರಿನ ಅಂಚಿನಲ್ಲಿ ಸಕ್ಕರೆ ಕಾರ್ಖಾನೆಯೊಂದು ಎದ್ದಿತ್ತು. ಕಂಪ್ಲಿ, ಬುಕ್ಕಸಾಗರದ ಕಡೆ ಕಬ್ಬಿನ ಹೊಲಗಳನ್ನು ತಿರುಗಿ ನೋಡಲು ಅವರಿಗೊಬ್ಬ ಮನುಷ್ಯ ಬೇಕಾಗಿದ್ದ. ಸ್ವಂತ ಗಾಡಿ ಇದ್ದವನಿಗೇ ಕೆಲಸ, ಕಂಪ್ಲಿಯಲ್ಲೇ ಮನೆ ಮಾಡಿಕೊಂಡಿರಬೇಕು. ಸೀನಕಾಕಾ ಅಜ್ಜಿಯ ಕಾಲು ಹಿಡಿದು, ಅಪ್ಪನ ಗಲ್ಲ ಹಿಡಿದು, ಸಂಡೂರಿನ ಗಣಿಯಲ್ಲಿದ್ದು ತನ್ನ ಸೀಮೆಗೆ ಮರಳಿ ಹೊರಟಿದ್ದ ಬಿಳಿಯ ಸಾಹೇಬನೊಬ್ಬನ ಹಳೆಯ ಫಟಫಟಿ ಮೋಟಾರುಸೈಕಲ್ಲನ್ನು ಕೊಂಡು ತಂದ. ಅದು ಬಂದದ್ದು ಎತ್ತಿನ ಗಾಡಿಯ ಮೇಲೆ, ಹುಲ್ಲಿನ ನಡುವೆ ಮಲಗಿಕೊಂಡು. ಅದರ ಆಸನ ತೊಗಲಿನದೆಂದು ಅಜ್ಜಿ ಬೀದಿಬಾಗಿಲಿನಿಂದ ಒಳಗೆ ಬಿಡಲಿಲ್ಲ. ಹಿತ್ತಲಿನ ಓಣಿಯಿಂದ ತಂದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಲ್ಲಿಸಿದರು. ತೊಗಲು ಹೊತ್ತ ಎಮ್ಮೆ ಮಡಿ, ತೊಗಲು ಹೊದ್ದ ಗಾಡಿ ಮೈಲಿಗೆ. ಯಾಕೆ ಎಂದು ಕೇಳಿದ್ದಕ್ಕೆ ನನಗೆ ಅಂದು ಸಂಜೆ ತುಪ್ಪ ಬೀಳಲಿಲ್ಲ.

ಗಾಡಿ ಬಂದ ದಿನವೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಾಕಾ ಅಕ್ಕನಿಗೆ ಕೊಟ್ಟ ಮಾತನ್ನು ನಾನು ಕೇಳಿಸಿಕೊಂಡೆ.

"ಕೆಲಸ ಒಂದು ಕೈಗೆ ಬರ್ಲಿ ಅಕ್ಕಾ. ಕಂಪ್ಲಿಯಾಗ ಮನಿ ಮಾಡ್ತೀನಿ. ಅಡಿಗಿಗೆ ನೀನೇ ಬರಬೇಕು. ಅಲ್ಲಿ ನೀನೇ ಯಜಮಾನಿ."

"ಅವ್ವ ಬಿಡ್ತಾಳೇನೋ?"

"ಮಗ ಉಪವಾಸ ಇರ್ಲಿ ಅಂತಾಳೇನು? ಬಿಡ್ತಾಳ."

ಅಂದಿನಿಂದ ಅಂಬತ್ಯಾ ಬದಲಾದಳು. ಬತ್ತಿ ಹೊಸೆಯುತ್ತಾ ನನಗೆ ಕಂಪ್ಲಿಯ ಮನೆಯ ಸುದ್ದಿ ಹೇಳುತ್ತಿದ್ದಳು, ಕಣ್ಣಾರೆ ಕಂಡವಳ ಹಾಗೆ.

"ಅಲ್ಲಿ ಹೊಳಿ ಹತ್ರ ಅದ ಪದ್ದಿ. ನನಗ ಬೇಕಾದಾಗ ನೀರು ತರ್ತೀನಿ, ನನಗ ಬೇಕಾದಾಗ ಒಲಿ ಹಚ್ತೀನಿ. ಯಾವ ಪಾತ್ರಿ ಎಲ್ಲಿ ಕೂಡಬೇಕು ಅಂತ ನಾನೇ ಹೇಳ್ತೀನಿ. ನೀನೂ ಬಾ. ಬಂದು ಸೀದಾ ಅಡಿಗಿಮನಿಗೆ ಬಂದು ಕೂಡು. ಯಾರು ಕೇಳ್ತಾರ?"

ಪಾತ್ರೆಯನ್ನು ತಾನು ಅಂದುಕೊಂಡ ಜಾಗದಲ್ಲಿಡುವುದು. ಅದಕ್ಕಿಂತ ದೊಡ್ಡದೇನನ್ನೂ ಅವಳು ಕೇಳಿರಲಿಲ್ಲ.

ದೀಪಾವಳಿ ಮುಗಿದ ಸೋಮವಾರ ಕಾರ್ಖಾನೆಯ ಮ್ಯಾನೇಜರ ಮುಂದೆ ಕಾಕಾ ಗಾಡಿ ಓಡಿಸಿ ತೋರಿಸಬೇಕಿತ್ತು. ಅವರ ಕಾರಿನ ಹಿಂದೆ ಕಂಪ್ಲಿಯ ತನಕ ಹೋಗಿ ಬಂದರೆ ಕೆಲಸ ಅವನದು. ನಡುವೆ ನರಕಚತುರ್ದಶಿ ಬಂತು. ನಮ್ಮಲ್ಲಿ ತಲೆಗೂ ಹೊಟ್ಟೆಗೂ ದೀಪಕ್ಕೂ ಒಂದೇ ಹರಳೆಣ್ಣೆ. ಅಂದು ಬೆಳಿಗ್ಗೆ ಮನೆಯಲ್ಲಿ ಎಣ್ಣೆ ಕಾಣದ ಜೀವ ಇರಕೂಡದು ಎಂಬುದು ಅಜ್ಜಿಯ ಕಟ್ಟಪ್ಪಣೆ. ನಮಗಾಯಿತು, ಎಮ್ಮೆಯ ಕೊಂಬಿಗಾಯಿತು, ಕರುವಿನ ನೆತ್ತಿಗಾಯಿತು, ಹೊಸ್ತಿಲಿಗಾಯಿತು. ಕೊನೆಗೆ ಅಜ್ಜಿ ಹತ್ತು ಮಾರು ದೂರ ನಿಂತು ಗಾಡಿಯ ಕಡೆ ಕೈ ತೋರಿಸಿದಳು.

"ಮನಿಗೆ ಬಂದ ಮ್ಯಾಲ ಅದೂ ಮನೀದೇ. ಅದಕ್ಕೂ ಎರಿಯೋ ಸೀನಾ. ಹಬ್ಬದ ದಿನ ಒಣಗಿ ನಿಂತದ."

"ಎಲ್ಲಿ ಎರೀಲವ್ವಾ?"

"ನನ್ನ ಕೇಳ್ತೀಯೇನು? ಬಾಯಿ ಎಲ್ಲಿ ಕಾಣ್ತದೋ ಅಲ್ಲಿ."

ಗಾಡಿಯ ಪಕ್ಕದಲ್ಲಿ ಒಂದು ತಗಡಿನ ಡಬ್ಬಿಯಂಥದ್ದಿತ್ತು, ಅದರ ನೆತ್ತಿಯಲ್ಲಿ ತಿರುಪಿನ ಮುಚ್ಚಳ. ಅದೇ ಬಾಯಿ ಎಂದು ತಿಳಿದು ಕಾಕಾ ಬೆಚ್ಚಗಿನ ಹರಳೆಣ್ಣೆಯನ್ನು ಗಿಂಡಿಯಿಂದ ಧಾರೆ ಕಟ್ಟಿ ಸುರಿದ. ತುಂಬಿ ಹೊರಚೆಲ್ಲುವ ತನಕ ಸುರಿದ. ಅಜ್ಜಿ ದೂರದಿಂದಲೇ ಆರತಿ ಎತ್ತಿ 'ಆಯುಷ್ಯವಂತಾಗು' ಅಂದಳು.

ಎರಡು ದಿನ ಬಿಟ್ಟು ಕಾಕಾ ಗಾಡಿಯನ್ನು ಓಣಿಗೆ ಇಳಿಸಿ ಒದ್ದ. ಎಂಜಿನ್ನು ಸಿಂಹದಂತೆ ಗರ್ಜಿಸಿತು. ಗಾಡಿ ಹೋಗಲಿಲ್ಲ. ಹಿಡಿಕೆಯ ಕಿವಿ ಹಿಂಡಿದಷ್ಟೂ ಕೂಗಿತು, ಗಾಲಿ ಮಾತ್ರ ಬಾಣಂತಿಯ ಹಾಗೆ ನಿಧಾನಕ್ಕೆ ಒಂದು ಸುತ್ತು ತಿರುಗಿ ನಿಂತಿತು. ಆಮೇಲೆ ತಗಡಿನ ಡಬ್ಬಿಯ ಸಂದಿನಿಂದ ಹೊಗೆ ಎದ್ದಿತು ನೋಡಿ. ಸುಟ್ಟ ಹರಳೆಣ್ಣೆಯ ಹೊಗೆ. ಕುಡಿಸುವಾಗಲೇ ಕರುಳು ಹೊರಳುವ ಆ ಎಣ್ಣೆ ಸುಟ್ಟರೆ ಹೇಗಿರಬೇಡ! ಓಣಿಯ ಮಕ್ಕಳೆಲ್ಲ ಒಟ್ಟಿಗೇ ಹೊಟ್ಟೆ ಹಿಡಿದುಕೊಂಡೆವು. ನಾನು ಅಲ್ಲೇ ಗೋಡೆಯ ಬುಡದಲ್ಲಿ ಬೆಳಗಿನ ಅವಲಕ್ಕಿಯನ್ನು ಕಕ್ಕಿದೆ. ಕಬ್ಬಿಣ ಹೇರಿದ ಎತ್ತಿನ ಗಾಡಿಯೊಂದು ಕಾಕಾನನ್ನು ದಾಟಿ ಹೋಯಿತು. ಎದುರುಮನೆಯ ವೆಂಕೋಬರಾಯರು ಕಟ್ಟೆಯ ಮೇಲಿಂದ ಕೇಳಿದರು.

"ಸೀನಪ್ಪ, ಎತ್ತು ಕಟ್ಟಲೇನೋ?"

ಗಾಡಿಯನ್ನು ನೂಕಿಕೊಂಡು ಬಂದು ಕೊಟ್ಟಿಗೆಗೆ ಹಾಕಿದ ಮೇಲೆ ವೈದ್ಯ ಶುರುವಾಯಿತು. ಅಪ್ಪ ಎಣ್ಣೆಯಂಗಡಿಯವನು ಪೆಟ್ರೋಲಿಗೆ ನೀರು ಹಾಕಿದ್ದಾನೆ ಎಂದ. ಅಜ್ಜಿ ವೆಂಕೋಬರಾಯರ ಕಣ್ಣು ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾವು ಮತ್ತೆ ಕೆಮ್ಮಿದೆವು. ಕಾಕಾ ಮಾತ್ರ ಗಾಡಿ ಬಿಗಿಯಾಗಿದೆ, ಜಾರಬೇಕು ಎಂದು ಇನ್ನೊಂದು ಗಿಂಡಿ ಎಣ್ಣೆ ಸುರಿದ. ಜಾರುತ್ತಿದ್ದುದೇ ಅದರ ರೋಗವಾಗಿತ್ತು. ಅದನ್ನು ತಿಳಿಯಲು ಠೇಸಣ್ಣಿನ ಹತ್ತಿರ ಸೈಕಲ್ಲು, ಗ್ಯಾಸ್‌ಲೈಟು ರಿಪೇರಿ ಮಾಡುತ್ತಿದ್ದ ಮಹಬೂಬಸಾಬರು ಬರಬೇಕಾಯಿತು. ಹಿತ್ತಲಿನ ಓಣಿಯಿಂದ ಕೊಟ್ಟಿಗೆಗೆ ಬಂದರು. ಅವರಿಗೆ ಕುಡಿಯಲು ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ದರು. ಅವರು ಬೊಗಸೆ ಕೊಡವಿ, ಏನೂ ಆಗದವರ ಹಾಗೆ ಕುಕ್ಕರಗಾಲಲ್ಲಿ ಕೂತು ತಗಡಿನ ಡಬ್ಬಿಯನ್ನು ಬಿಚ್ಚಿದರು. ಹಳದಿ ಕಪ್ಪು ಬೆರೆತ ಲೋಳೆ ಸಗಣಿಯ ಮೇಲೆ ಇಳಿಯಿತು.

"ಅಲ್ರಿ ಸೀನಪ್ನೋರ, ಗಾಡಿಗೆ ಜುಲಾಬು ಕೊಟ್ಟೀರೇನ್ರಿ?"

ಕಾಕಾ ಹಬ್ಬದ ಕಥೆ ಹೇಳಿದ. ಸಾಬರು ನಗಲಿಲ್ಲ. ನಗದೆ ಇರಲು ಬಹಳ ಕಷ್ಟಪಟ್ಟರು ಎನ್ನುವುದು ಅವರ ಗಡ್ಡ ಅಲುಗುವುದರಿಂದ ತಿಳಿಯುತ್ತಿತ್ತು. ಒಳಗಿನಿಂದ ಒಂದರ ಮೇಲೊಂದು ಕೂತ ದುಂಡನೆಯ ತಟ್ಟೆಗಳನ್ನು ಹೊರತೆಗೆದರು. ಇದೇ ಕ್ಲಚ್ಚು, ಎಂಜಿನ್ನಿನ ಬಲವನ್ನು ಗಾಲಿಗೆ ದಾಟಿಸುವುದು ಇದೇ, ಬೇಡವಾದಾಗ ತಪ್ಪಿಸುವುದೂ ಇದೇ ಎಂದರು. ತಟ್ಟೆಯ ಸುತ್ತ ತೂತುಗಳು, ತೂತಿನಲ್ಲಿ ಬೂಚಿನ ಬಿಲ್ಲೆಗಳು. ಶೀಶೆಗೆ ಹಾಕುತ್ತಾರಲ್ಲ, ಅದೇ ಬೂಚು. ಬೂಚು ಕಬ್ಬಿಣವನ್ನು ಕಚ್ಚಿ ಹಿಡಿದರೆ ಗಾಡಿ ನಡೆಯುತ್ತದೆ. ಇಲ್ಲಿ ಅವು ಎಣ್ಣೆ ಕುಡಿದು, ಸುಟ್ಟು, ಹಳೇ ಬೆಲ್ಲದಂತೆ ಅಂಟಂಟಾಗಿದ್ದವು.

"ಎಲ್ಲಾ ಕಿತ್ತು ಹೊಸವು ಹಾಕ್ಬೇಕ್ರಿ. ಸಾಹೇಬರ ಬಂಗಲೆ ಬಟ್ಲರನ ಕಡಿಂದ ಬೂಚು ಕಳಿಸ್ತೀನಿ. ಬ್ರಾಂದಿ ಶೀಶೇವು, ಗಟ್ಟಿ ಇರ್ತಾವ. ನನಗ ಈಗ ಸಂಡೂರಿಗೆ ಹೋಗೋದೈತ್ರಿ, ಮಗಳು ಹಡ್ಯಾಕ ಕುಂತಾಳ. ಮಂಗಳಾರ ಬರ್ತೀನಿ."

"ಸೋಮವಾರ ಗಾಡಿ ಓಡಬೇಕಲ್ಲೋ ಸಾಬಾ!"

"ಹಂಗಾರ ನೀವೇ ಮಾಡ್ಕೊಳ್ರಿ. ಬೂಚು ತೂತಿಗಿಂತ ಒಂಚೂರು ದಪ್ಪ ಕೊಯ್ರಿ, ಬಿಸಿನೀರಾಗ ಕುದಿಸ್ರಿ, ಮೆತ್ತಗಾದ ಮ್ಯಾಲ ಒತ್ತಿ ಕುಂದ್ರಿಸ್ರಿ. ಕಲ್ಲಿನ ಮ್ಯಾಲ ಉಜ್ಜಿ ಎಲ್ಲಾ ಒಂದೇ ಮಟ್ಟ ಮಾಡ್ರಿ. ಕಡೀಗೆ ಈ ಹಿಡಿಕೆ ತಂತಿ ಐತಲ್ರಿ, ಇದನ್ನ ಬಿಗಿ ಬಿಡಬ್ಯಾಡ್ರಿ. ಎರಡು ಜ್ವಾಳದ ಕಾಳಿನಷ್ಟು ಸಡಿಲ ಇರ್ಬೇಕು. ಬಿಗಿ ಆತಂದ್ರ ತಟ್ಟಿ ಪೂರಾ ಕೂಡಂಗಿಲ್ಲ, ಮತ್ತ ಜಾರ್ತೈತಿ."

ಕಾಕಾ ತಲೆ ಅಲ್ಲಾಡಿಸುತ್ತಿದ್ದ. ಕಿವಿ ಕೊಟ್ಟು ಕೇಳುತ್ತಿದ್ದವಳು ಅಂಬತ್ಯಾ. ಒಳಬಾಗಿಲ ಮರೆಯಲ್ಲಿ ನಿಂತು ನನ್ನ ಜಡೆ ಎಳೆದು ಪಿಸುಗುಟ್ಟಿದಳು, "ಎಷ್ಟೊತ್ತು ಕುದಿಸಬೇಕು ಕೇಳು." ನಾನು ಕೇಳಿದೆ. ಸಾಬರಿಗೆ ಪ್ರಶ್ನೆ ಯಾರದೆಂದು ತಿಳಿಯಿತು. ಬಾಗಿಲ ಕಡೆ ಕಣ್ಣೆತ್ತದೆ, ಎಮ್ಮೆಯ ಮುಖ ನೋಡುತ್ತಾ ಹೇಳಿದರು.

"ಬ್ಯಾಳಿ ಬೇಯೋ ಅಷ್ಟೊತ್ತು ತಾಯಿ."

ಬೂಚಿನ ಚೀಲ ಸಂಜೆಗೇ ಬಂತು. ಬಾಯಿ ಬಿಚ್ಚಿದರೆ ಹುಳಿತ ಹಣ್ಣಿನಂಥ, ಔಷಧಿಯಂಥ ನಾತ. ಕಾಕಾ ಎರಡು ಬೂಚು ಕೊಯ್ದ, ಮೂರನೆಯದಕ್ಕೆ ಬೆರಳು ಕೊಯ್ದುಕೊಂಡ. ಬೆರಳಿಗೆ ಅರಿವೆ ಸುತ್ತಿಕೊಂಡು, ಚೀಲವನ್ನು ಗೋಡೆಗೆ ಎಸೆದು, 'ಹಾಳಾಗಿ ಹೋಗ್ಲಿ' ಎಂದು ಮಲಗಿಬಿಟ್ಟ. ಮರುದಿನ ಶನಿವಾರ. ಮಧ್ಯಾಹ್ನ ಅಜ್ಜಿ ಗುಡಿಗೆ ಪುರಾಣ ಕೇಳಲು ಹೋದ ಕೂಡಲೇ ಅಂಬತ್ಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಬಂದಳು. ಕೈಯಲ್ಲಿ ಅಡಿಗೆಮನೆಯ ಈಳಿಗೆಮಣೆ. ಬಗಲಲ್ಲಿ ತನ್ನ ತಾಮ್ರದ ಪಾತ್ರೆ. ಕಾಕಾ ಎದ್ದು ಕೂತ.

"ಅಕ್ಕಾ, ಅದರಾಗ ಬ್ಯಾಡ. ಅವ್ವಗ ಗೊತ್ತಾದ್ರ?"

"ಬ್ಯಾರೆ ಯಾವ ಪಾತ್ರಿ ನನ್ನದದ ಈ ಮನ್ಯಾಗ? ಸುಮ್ನ ಬೆಂಕಿ ಹಾಕು."

ಮೂರು ಕಲ್ಲಿನ ಒಲೆಯ ಮೇಲೆ ಬ್ರಾಂದಿಯ ಬೂಚುಗಳು ಕುದಿದವು. ಕಂದು ನೊರೆ ಉಕ್ಕಿತು. ಇಡೀ ಕೊಟ್ಟಿಗೆ ನಾರಿತು. ಅಂಬತ್ಯಾ ಒಂದು ಬೂಚನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವಿಚಿದಳು.

"ಥೂ. ಇದನ್ನ ಕುಡದು ಯಾಕ ಕುಣೀತಾರೇ ಗಂಡಸರು? ಇದಕ್ಕಿಂತ ನಮ್ಮವ್ವನ ಹರಳೆಣ್ಣಿ ವಾಸಿ."

ಅಂದು ನಕ್ಕಳು. ಅವಳು ಬಾಯಿಬಿಟ್ಟು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಟ್ಟೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಳು. ಬದನೆಕಾಯಿಯ ಬಿಲ್ಲೆ ಕೊಯ್ದ ಹಾಗೆ ಸಮಸಮನಾಗಿ ಕೊಯ್ದಳು. ಮೆತ್ತಗಾದ ಬಿಲ್ಲೆಗಳನ್ನು ಹೆಬ್ಬೆರಳಿನಿಂದ ಒಂದೊಂದು ತೂತಿಗೆ ಒತ್ತಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಟ್ಟೆಯನ್ನು ಬೋರಲು ಹಾಕಿ ಉಜ್ಜಿ, ಎತ್ತಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜಿದಳು. ಎಲ್ಲ ಕೂಡಿಸಿದ ಮೇಲೆ ಹಿಡಿಕೆಯ ತಂತಿ ಉಳಿಯಿತು. ಅದರ ತುದಿಯ ಪುಟ್ಟ ತಿರುಪು ಇಕ್ಕಟ್ಟಿನಲ್ಲಿತ್ತು, ಅವಳ ಬೆರಳು ಹೋಗಲಿಲ್ಲ. ನನ್ನದು ಹೋಯಿತು. ಯಾವ ಕಡೆ ತಿರುಗಿಸಿದರೆ ಸಡಿಲ, ಯಾವ ಕಡೆ ಬಿಗಿ ಎಂದು ಅವಳು ತೋರಿಸಿಕೊಟ್ಟಳು. ಎರಡು ಜೋಳದ ಕಾಳಿನಷ್ಟು. ಕಾಕಾ ಒದ್ದು ಗೇರು ಹಾಕಿದಾಗ ಗಾಡಿ ಎಮ್ಮೆಯನ್ನು ಹೆದರಿಸಿ ಎರಡು ಮಾರು ಮುಂದಕ್ಕೆ ನೆಗೆಯಿತು. ಅವನು ಅಕ್ಕನ ಪಾದ ಮುಟ್ಟಿ ನಮಸ್ಕಾರ ಮಾಡಿದ. ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಅಜ್ಜಿಯ ಮೂಗು ಅಡಿಗೆಮನೆಯಲ್ಲಿ ನಿಂತಿತು. ಅಂಬತ್ಯಾ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದ್ದಳು, ಆದರೂ ಅದರ ಅಂಚಿನ ಸುರುಳಿಯೊಳಗೆ ಒಂದು ಬೂಚಿನ ಚೂರು ಸಿಕ್ಕಿಕೊಂಡಿತ್ತು. ಅಜ್ಜಿ ಅದನ್ನು ಕಡ್ಡಿಯಿಂದ ಕೆದರಿ ತೆಗೆದು ನಡುಮನೆಯಲ್ಲಿ ಎಲ್ಲರ ಎದುರಿಗೆ ಇಟ್ಟಳು. ಸತ್ತ ಇಲಿಯನ್ನು ಇಟ್ಟ ಹಾಗೆ.

"ಯಾರು ಕುದಿಸಿದ್ದು ಸೆರೆ ಬೂಚನ್ನ, ಮಡಿ ಪಾತ್ರ್ಯಾಗ?"

ಅಂಬತ್ಯಾ 'ನಾನೇ' ಎಂದಳು. ಎಂದು ತಮ್ಮನ ಮುಖ ನೋಡಿದಳು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, 'ನನ್ನ ಸಲುವಾಗಿ ಮಾಡಿದಳು' ಎಂದು. ಬೈಗಳು ಇಬ್ಬರಿಗೂ ಹಂಚಿ ಹೋಗುತ್ತಿತ್ತು. ಗಂಡುಮಗ, ಅಜ್ಜಿಯ ಮುದ್ದಿನವನು, ಅವನ ಪಾಲು ಎರಡು ಗಳಿಗೆಯಲ್ಲಿ ಆರುತ್ತಿತ್ತು. ಸೀನಕಾಕಾ ಬೆರಳಿನ ಅರಿವೆಯನ್ನು ನೋಡಿಕೊಂಡ.

"ನಾ ಬ್ಯಾಡ ಅಂದಿದ್ದೆ ಅವ್ವಾ. ಅಕ್ಕಾನೇ ಕೇಳ್ಲಿಲ್ಲ."

ಸುಳ್ಳಲ್ಲ ನೋಡಿ. 'ಅದರಾಗ ಬ್ಯಾಡ' ಎಂದಿದ್ದು ನಿಜ. ಅದಕ್ಕೇ ಇಂದಿಗೂ ಆ ಮಾತು ನೆನಪಾದರೆ ಬಾಯಲ್ಲಿ ಎಂಜಲು ಕೂಡುತ್ತದೆ, ಉಗಿಯಬೇಕೆನಿಸುತ್ತದೆ. ಅಪ್ಪ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆ ಹಿಡಿದ. ನನ್ನ ಅವ್ವ ಹುಳಿಯ ಪಾತ್ರೆ ತಿರುವಿದಳು. ನಾನು ಎಣ್ಣೆ ಹತ್ತಿದ ಉಗುರುಗಳನ್ನು ಲಂಗದಲ್ಲಿ ಮುಚ್ಚಿಕೊಂಡೆ. ತಾಮ್ರದ ಪಾತ್ರೆಯನ್ನು ಕೋಲಿನಿಂದ ತಳ್ಳಿ ತಳ್ಳಿ ಹಿತ್ತಲಿನ ಗುಂಡಿಗೆ ಹಾಕಿಸಿದರು. ಅಂಬತ್ಯಾ ಉಟ್ಟ ಸೀರೆಯಲ್ಲೇ ಬಾವಿಯ ತಣ್ಣೀರಿನ ಕೊಡಗಳ ಕೆಳಗೆ ಕೂತಳು. ಗೋಮೂತ್ರ, ಸಗಣಿ, ಹಾಲು, ಮೊಸರು, ತುಪ್ಪ ಕಲಸಿದ್ದನ್ನು ಅಜ್ಜಿ ಅವಳ ಅಂಗೈಗೆ ಹಾಕಿದಳು. ಕುಡಿದಳು. ಹನಿಯೊಂದು ಗಲ್ಲದ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಮೂರು ದಿನ ಉಪವಾಸ. ಶುದ್ಧಿಯಾಯಿತು ಎಂದರು. ಆ ಇಡೀ ವ್ಯವಹಾರದಲ್ಲಿ ಹೊಲಸು ಅನ್ನುವುದಿದ್ದರೆ ಅದು ಎಲ್ಲಿತ್ತು ಎಂದು ಒಂಬತ್ತು ವರ್ಷದ ನನಗೂ ಮೂಗಿಗೆ ಹೊಡೆಯುತ್ತಿತ್ತು.

ಸೋಮವಾರ ಗಾಡಿ ಕಂಪ್ಲಿಗೆ ಹೋಗಿ ಬಂತು. ಕೆಲಸ ಸಿಕ್ಕಿತು. ಗುರುವಾರ ಮಧ್ಯಾಹ್ನದೊಳಗೆ ಕಂಪ್ಲಿಯಲ್ಲಿ ಹಾಜರಿರಬೇಕು, ಮ್ಯಾನೇಜರು ಅಲ್ಲೇ ಕಾಯುತ್ತಾರೆ, ತಪ್ಪಿದರೆ ಇನ್ನೊಬ್ಬ ಸಿದ್ಧನಿದ್ದಾನೆ ಎಂದಿದ್ದರಂತೆ. ಕಾಕಾ ಬುಂದಿ ಲಾಡಿನ ಪೊಟ್ಟಣ ಹಿಡಿದು ಬಂದವನು ಮೂರು ದಿನ ಊರೆಲ್ಲ ಗಾಡಿಯಲ್ಲೇ ತಿರುಗಿದ. ಕೊಟ್ಟಿಗೆಯ ಒಳಬಾಗಿಲ ಕಡೆ ಮಾತ್ರ ಸುಳಿಯಲಿಲ್ಲ. ಉಪವಾಸದ ಮೂರನೆಯ ದಿನವೂ ಅಂಬತ್ಯಾ ತನ್ನ ಎರಡು ಸೀರೆ, ಜಪದ ಮಣಿ, ಬತ್ತಿಯ ಹತ್ತಿಯನ್ನು ಗಂಟು ಕಟ್ಟಿಟ್ಟುಕೊಂಡಿದ್ದಳು. ಬುಧವಾರ ಊಟದ ಹೊತ್ತಿಗೆ ಅಜ್ಜಿ ಎಲೆಗೆ ತುಪ್ಪ ಬಡಿಸುತ್ತಾ ಮಾತು ತೆಗೆದಳು.

"ಸೆರೆ ಬೂಚು ಕುದಿಸಿದ ಕೈ. ಅದರಿಂದ ಅಡಿಗಿ ಮಾಡಿಸಿಕೊಂಡು ಕಂಪ್ಲಿಯ ನಮ್ಮ ಮಂದಿ ಮುಂದ ಎಲಿ ಹಾಕ್ತೀಯೇನು? ಅಲ್ಲಿ ಒಬ್ಬ ಮುದುಕ ಆಚಾರ್ರು ಇದ್ದಾರಂತ, ಮಾಡಿ ಹಾಕ್ತಾರ. ಹೇಳಿ ಕಳಿಸೀನಿ."

ಕಾಕಾ ಅನ್ನ ಕಲಸಿದ.

"ನಾನೂ ಅದನ್ನೇ ಅನ್ಕೊಂಡಿದ್ದೆ ಅವ್ವಾ. ಮಂದಿ ಬಾಯಿ ಸುಮ್ಮನಿರ್ತದೇನು."

ಆ ಕೈ ಕೊರೆದ ಬೂಚಿನ ಮೇಲೆ ಮೂರು ದಿನದಿಂದ ಸವಾರಿ ಮಾಡಿದವನು ಹೇಳಿದ ಮಾತು ಅದು. ಕೈಯನ್ನು ಹೇಸಿದ, ಕೈಗೆಲಸವನ್ನು ಹೇಸಲಿಲ್ಲ. ಒಳಗೆ ಗಂಟು ಬಿಚ್ಚುವ ಸದ್ದು ಕೇಳಿಸಿತೋ, ನಾನೇ ಹಾಗೆ ಅಂದುಕೊಂಡೆನೋ ತಿಳಿಯದು.

ಗುರುವಾರ ಬೆಳಿಗ್ಗೆ ಗಾಡಿಯ ಬೆನ್ನಿಗೆ ಹಾಸಿಗೆ ಸುರುಳಿ, ಟ್ರಂಕು, ಅದರ ಮೇಲೆ ದೇವರ ಪೆಟ್ಟಿಗೆ ಕಟ್ಟಿದರು. ಓಣಿಯ ಮಂದಿಯೆಲ್ಲ ಕಟ್ಟೆ ಏರಿದರು. ಅಜ್ಜಿ ದೂರದಿಂದ ಮಂತ್ರಾಕ್ಷತೆ ಎಸೆದಳು. ಕಾಕಾ ಒದ್ದ, ಗೇರು ಹಾಕಿದ. ಎಂಜಿನ್ನು ಕೂಗಿತು. ಗಾಡಿ ಕದಲಲಿಲ್ಲ. ಇನ್ನೊಮ್ಮೆ ಮಾಡಿದ. ಹೊಗೆ ಬಂತು. ವೆಂಕೋಬರಾಯರು ಗಂಟಲು ಸರಿಮಾಡಿಕೊಂಡರು. ಕಾಕಾನ ಮುಖ ಬೂದಿ ಬಳಿದ ಹಾಗಾಯಿತು. ಬಿಸಿಲು ಏರುತ್ತಿತ್ತು, ಮಹಬೂಬಸಾಬರು ಇನ್ನೂ ಸಂಡೂರಿನಿಂದ ಬಂದಿರಲಿಲ್ಲ. ಅವನು ಪಡಸಾಲೆ ದಾಟಿ ನಡುಮನೆಗೆ ಓಡಿದ. ನಾನೂ ಹಿಂದೆಯೇ ಓಡಿದೆ. ಅಂಬತ್ಯಾ ನಡುಮನೆಯ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು.

"ಅಕ್ಕಾ, ಒಂದು ಸಲ ಬಂದು ನೋಡು. ಮತ್ತ ಜಾರ್ತದ."

"ನಾ ಮಡಿಯಾಗಿದೀನಿ ಸೀನಾ. ಮುಟ್ಟಂಗಿಲ್ಲ."

"ಕೈ ಮುಗೀತೀನಿ. ಯಾರೂ ಏನೂ ಅನ್ನಂಗಿಲ್ಲ."

"ಅವ್ವನ್ನ ಕೇಳು. ಓಣಿ ಮಂದಿ ಮುಂದ ಅವ್ವ ಮುಟ್ಟು ಅಂದ್ರ ಬಂದು ಮುಟ್ತೀನಿ."

ದನಿ ಏರಲಿಲ್ಲ. ಬತ್ತಿಯಿಂದ ಕಣ್ಣು ಮೇಲಕ್ಕೆ ಬರಲಿಲ್ಲ. ಕಾಕಾ ಮತ್ತೆ ಬೀದಿಗೆ ಓಡಿ ಅಜ್ಜಿಯ ಮುಂದೆ ನಿಂತ. "ಅವ್ವಾ, ಅಕ್ಕಾಗ ಹೇಳು. ಅಕ್ಕಾಗ ಮಾತ್ರ ಗೊತ್ತದ. ಎಲ್ಲಾ ಅಕ್ಕಾನೇ ಮಾಡಿದ್ದು." ಭಾನುವಾರ ಹೊರಬರದ ಮಾತು ಗುರುವಾರ ಬೀದಿಯಲ್ಲಿ ಬಂತು. ಅಜ್ಜಿ ಮಗನನ್ನು ನೋಡಿದಳು, ಕಟ್ಟೆಗಳ ಮೇಲಿನ ಮಂದಿಯನ್ನು ನೋಡಿದಳು, ಏರುತ್ತಿದ್ದ ಬಿಸಿಲನ್ನು ನೋಡಿದಳು. ನಡುಮನೆಯಲ್ಲಿ ಅಂಬತ್ಯಾ ಎದ್ದು ನಿಂತದ್ದು ಬಾಗಿಲಿನಿಂದ ನನಗೆ ಕಾಣುತ್ತಿತ್ತು, ಮಡಿಲಿನ ಹತ್ತಿ ನೆಲಕ್ಕೆ ಬಿದ್ದಿತ್ತು. ಅಜ್ಜಿಯ ಬಾಯಿ ತೆರೆಯಿತು. ತುಟಿ ಅಲುಗಿತು. ಅವಳು ಏನು ಹೇಳಲಿದ್ದಳೆಂದು ನನಗೆ ಇಂದಿಗೂ ಗೊತ್ತು, 'ಕರಿಯೋ ಅಂಬಾನ್ನ' ಎಂದೇ ಹೇಳಲಿದ್ದಳು.

"ನನಗ ಬರ್ತದ ಕಾಕಾ!"

ಅದು ನನ್ನ ದನಿ. ಯಾರೂ ಕೇಳಿರಲಿಲ್ಲ, ಯಾರೂ ಕರೆದಿರಲಿಲ್ಲ. ಓಣಿಯ ಅಷ್ಟೂ ಮಂದಿಯ ಎದುರಿಗೆ ಜಾಣಿ ಅನ್ನಿಸಿಕೊಳ್ಳುವ ಆಸೆ ಒಂದೇ ಸಲ ನಾಲಿಗೆಗೆ ಬಂದುಬಿಟ್ಟಿತು. ಹೊಸ ಬೂಚುಗಳು ಮೂರು ದಿನದ ಓಡಾಟದಲ್ಲಿ ಸವೆದು ಕೂತಿದ್ದವು, ಅದರಿಂದ ತಂತಿ ಬಿಗಿಯಾಗಿತ್ತು. ಮುಟ್ಟಿ ನೋಡಿದ ಕೂಡಲೇ ನನಗೆ ತಿಳಿಯಿತು. ಸಂದಿಗೆ ಬೆರಳು ಹಾಕಿ ತಿರುಪನ್ನು ಸಡಿಲದ ಕಡೆ ತಿರುಗಿಸಿದೆ. ಕಾಕಾ ಒದ್ದ. ಗಾಡಿ ಕಚ್ಚಿ ಹಿಡಿದು ಹೊರಟಿತು. ಅವನು ನನ್ನ ತಲೆ ಸವರಿದ್ದಷ್ಟೇ, ತಿರುಗಿ ನೋಡಲಿಲ್ಲ. ಧೂಳು ಎದ್ದು ಇಳಿಯಿತು. ಅಜ್ಜಿಯ ಬಾಯಿ ಮುಚ್ಚಿಕೊಂಡಿತು, ಮತ್ತೆ ತೆರೆದಾಗ ಬೇರೆ ಮಾತು ಬಂತು. "ನಮ್ಮ ಪದ್ದಿ ನೋಡ್ರೇ, ಎಷ್ಟು ಚೂಟಿ!" ಎಂದು ದೂರದಿಂದಲೇ ನನ್ನ ಕೈಗೆ ಒಂದು ಬುಂದಿ ಲಾಡು ಎಸೆದಳು. ಹಿಡಿದೆ. ಆ ಎಣ್ಣೆಯ ಕೈಯಿಂದಲೇ ಅಲ್ಲೇ ನಿಂತು ತಿಂದೆ. ರುಚಿಯಾಗಿತ್ತು. ಮುಚ್ಚಿಡುವುದೇಕೆ, ಬಹಳ ರುಚಿಯಾಗಿತ್ತು. ಆ ಮನೆಯಲ್ಲಿ ನಾನು ಕಂಡ ಹೇಸಿಗೆಗಳಲ್ಲೆಲ್ಲ ನನ್ನನ್ನು ಬಿಡದೆ ಬಂದಿರುವುದು ಆ ಲಾಡಿನ ರುಚಿ.

ಅಂಬತ್ಯಾ ಆ ಮನೆಯಿಂದ ಬೇರೆಲ್ಲಿಗೂ ಹೋಗಲಿಲ್ಲ. ಅಜ್ಜಿಯೇ ಮಂದಿಯ ಮುಂದೆ ಅವಳನ್ನು ಕರೆಯಬೇಕಾದಂಥ ಇನ್ನೊಂದು ಗಳಿಗೆ ಬರಲೂ ಇಲ್ಲ. ಅಂದು ನಾನು ಒಳಗೆ ಹೋದಾಗ ಅವಳು ಹಿತ್ತಲಿನ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಕೈ ಚಾಚು," ಎಂದು ಸೀಗೆಪುಡಿ ಹಾಕಿ, ಮೇಲಿನಿಂದ ನೀರು ಹೊಯ್ದಳು. ನಾನು ತಿಕ್ಕಿಕೊಂಡೆ. ಜಿಡ್ಡು ಹೋಗಲಿಲ್ಲ. ಮತ್ತೆ ಹೊಯ್ದಳು.

"ತಿರುಪು ಎಷ್ಟು ಸುತ್ತು ತಿರುಗಿಸಿದಿ?"

"ಮೂರು."

ತಂಬಿಗೆಯನ್ನು ಬೋರಲು ಹಾಕಿ ಒಳಗೆ ಹೊರಟವಳು ಹೊಸ್ತಿಲ ಮೇಲೆ ನಿಂತಳು.

"ಎರಡು ಸಾಕಿತ್ತು," ಎಂದಳು.